ಮೈಯಿಂದ ಹೇಳಿಸಿದ ಮಾತು

ಬನಶಂಕರಿ ಎರಡನೇ ಹಂತ
11 ಫೆಬ್ರವರಿ 2025, ಮಂಗಳವಾರ

ಚಿ. ಜಯಸಿಂಹನಿಗೆ ಅಕ್ಕನ ಆಶೀರ್ವಾದಗಳು.

ಫೋನು ಜೇಬಿನಲ್ಲಿರುವಾಗ ಇದ್ಯಾವ ಕಾಗದದ ಹುಚ್ಚು ಅಂತ ನಗಬೇಡ. ಡಯಾಲಿಸಿಸ್ ವಾರ್ಡಿನಲ್ಲಿ ಎಂಟು ಮಂಚ, ಮಧ್ಯೆ ಒಂದೊಂದು ಪರದೆ ಅಷ್ಟೆ. ಇಲ್ಲಿ ಫೋನಿನಲ್ಲಿ ಮಾತಾಡಿದರೆ ನಮ್ಮನೆ ಸುದ್ದಿಯನ್ನು ಏಳು ಮನೆಗೆ ಎಳ್ಳಿನ ಹಾಗೆ ಬೀರಿದಂತೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಎಡಗೈ ಮೆಷಿನ್ನಿಗೆ ಒಪ್ಪಿಸಿ ಮಲಗಿರುತ್ತೇನೆ. ಬಲಗೈ ಖಾಲಿ. ಮೂವತ್ತು ವರ್ಷ ಹೈಸ್ಕೂಲಿನ ಬೋರ್ಡಿನ ಮೇಲೆ ಬರೆದ ಕೈ ಇದು, ಸುಮ್ಮನೆ ಬಿದ್ದಿರು ಅಂದರೆ ಕೇಳುವುದಿಲ್ಲ. ಆಸ್ಪತ್ರೆಯ ಗೇಟಿನ ಪಕ್ಕದಲ್ಲೇ ಅಂಚೆ ಡಬ್ಬ ಇದೆ.

ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಕೊನೆಗೆ ಗೊತ್ತುಮಾಡಿದ್ದ ಆಪರೇಷನ್ ಮುಂದಕ್ಕೆ ಹೋಯಿತು. ನನ್ನ ಕುತ್ತಿಗೆಯ ಗಂಟಿನಲ್ಲಿ ಟಿ.ಬಿ. ಅಂತೆ. ಆರು ತಿಂಗಳು ಮಾತ್ರೆ ನುಂಗಿ ಅದು ಪೂರ್ತಿ ಹೋದ ಮೇಲೇ ಹೊಸ ಕಿಡ್ನಿಯ ಮಾತು. ಪರೀಕ್ಷೆಯಲ್ಲಿ ನೀನು ಪಾಸು, ನಾನು ಫೇಲು. ಡಾಕ್ಟರು ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ‘ನಿಮ್ ಬ್ರದರ್‌ಗೆ ವಯಸ್ಸು ಐವತ್ತೊಂದು ಮೇಡಂ, ರಿಪೋರ್ಟ್ ಮಾತ್ರ ಮೂವತ್ತೈದರ ಹುಡುಗನ್ದು. ಆರು ತಿಂಗಳಾದ್ಮೇಲೆ ಇನ್ನೊಂದ್ಸಲ ಟೆಸ್ಟ್ ಮಾಡ್ತೀವಿ. ಅಲ್ಲೀತನಕ ಹೀಗೇ ಆಡ್ಕೊಂಡಿರಕ್ಕೆ ಹೇಳಿ.’ ಕೇಳಿ ನನಗೇ ಜಂಬ ಬಂತು ನೋಡು. ನಮಗೆ ಮಕ್ಕಳಿಲ್ಲ, ನಿನ್ನ ಭಾವನಿಗೆ ಸಕ್ಕರೆ ಕಾಯಿಲೆ, ಎದೆಯಲ್ಲಿ ಸ್ಟೆಂಟು. ಕಿಡ್ನಿ ಕೊಡಲು ನೀನಿಲ್ಲದಿದ್ದರೆ ನಾನು ಯಾರ ಬಾಗಿಲು ತಟ್ಟಬೇಕಿತ್ತೋ.

ಮೈತ್ರೇಯಿಗೂ ಮಗಳು ಸುರಭಿಗೂ ಆಶೀರ್ವಾದ ತಿಳಿಸು. ಉತ್ತರ ಕಾಗದದಲ್ಲೇ ಬರೆಯಬೇಕು, ವಾಟ್ಸಾಪಿನಲ್ಲಿ ಕೈಮುಗಿಯೋ ಬೊಂಬೆ ಕಳಿಸಿದರೆ ಜೋಕೆ.

ಇತಿ,
ನಿನ್ನ ಅಕ್ಕ ಸತ್ಯಭಾಮಾ

◆

ಜಯನಗರ
19 ಫೆಬ್ರವರಿ 2025

ಅಕ್ಕನಿಗೆ ನಮಸ್ಕಾರಗಳು.

ಆರು ತಿಂಗಳು ಏನು ಮಹಾ. ಇಷ್ಟು ತಡೆದಿದ್ದೀಯ, ಇನ್ನಷ್ಟು ತಡಿ. ನಾನೆಲ್ಲಿಗೆ ಓಡಿಹೋಗುತ್ತೇನೆ?

ನಮ್ಮ ಬಾಲ್ ಬ್ಯಾಡ್ಮಿಂಟನ್ ಜೋರಾಗಿಯೇ ನಡೆದಿದೆ. ಬೆಳಿಗ್ಗೆ ಐದೂವರೆಗೆ ಅಂಕಣದಲ್ಲಿ ನೀರು ಚಿಮುಕಿಸಿ, ಗೆರೆ ಎಳೆದು, ಹಳದಿ ಉಲ್ಲನ್ ಚೆಂಡು ಹೊರಗೆ ತೆಗೆದರೆ ಏಳೂವರೆಯವರೆಗೆ ಪ್ರಪಂಚ ಬೇಡ. ತಂಡಕ್ಕೆ ಐದು ಜನ. ಮುಂದೆ ಉತ್ತರಹಳ್ಳಿಯ ಚಿಕ್ಕಬೈರಪ್ಪ ಮತ್ತು ಯುವರಾಜ್, ಹಿಂದಿನ ಮೂಲೆಯಲ್ಲಿ ನಾನು. ಇಪ್ಪತ್ತೆರಡು ವರ್ಷದಿಂದ ಆ ಮೂಲೆ ನನ್ನದೇ. ಡಾಕ್ಟರಿಗೆ ಹೇಳು, ಈ ಮೈಯನ್ನು ಹೀಗೇ ಇಟ್ಟಿರುತ್ತೇನೆ ಅಂತ.

ಮಾತ್ರೆ ಒಂದು ದಿನವೂ ತಪ್ಪಿಸಬೇಡ.

ನಿನ್ನ ತಮ್ಮ,
ಸಿಂಹ

◆

ಬನಶಂಕರಿ
24 ಏಪ್ರಿಲ್ 2025, ಗುರುವಾರ

ಚಿ. ಸಿಂಹನಿಗೆ,

ಬಿಸಿಲು ತಲೆ ಸೀಳುತ್ತಿದೆ. ನನಗೆ ದಿನಕ್ಕೆ ಒಂದೇ ಲೀಟರು ನೀರು, ಅದರಲ್ಲೇ ಕಾಫಿ, ಸಾರು, ಮಾತ್ರೆ ಎಲ್ಲ. ಎಳನೀರಿನ ಗಾಡಿ ಕಂಡರೆ ಮುಖ ತಿರುಗಿಸಿಕೊಳ್ಳುತ್ತೇನೆ. ನಿನ್ನೆ ಕನಸಿನಲ್ಲಿ ಇಡೀ ಒಂದು ಕೊಡ ಪಾನಕ ಕುಡಿದೆ. ಎದ್ದ ಮೇಲೆ ಅಯ್ಯೋ ಎಷ್ಟು ಕುಡಿದುಬಿಟ್ಟೆ ಅಂತ ಹೆದರಿ ತೂಕ ಬೇರೆ ನೋಡಿಕೊಂಡೆ! ನಿನ್ನ ಭಾವ ಬಿದ್ದುಬಿದ್ದು ನಕ್ಕರು.

ನನಗೊಂದು ಉಪಕಾರ ಮಾಡು. ನಿನ್ನ ಆಟದ ಸುದ್ದಿ ಬರೆದು ಕಳಿಸು. ಯಾರು ಗೆದ್ದರು, ಯಾರು ಜಗಳ ತೆಗೆದರು, ಎಲ್ಲ. ಓದುವಷ್ಟು ಹೊತ್ತು ಬಾಯಾರಿಕೆ ಮರೆಯುತ್ತದೆ. ಪಕ್ಕದ ಮಂಚದ ಕೊಟ್ರಪ್ಪ ಅನ್ನುವವರು ಒಂದು ಕಾಲಕ್ಕೆ ಆ ಆಟ ಆಡಿದವರಂತೆ. ನಾನು ಓದಿ ಹೇಳಿದರೆ ಅವರಿಗೂ ಹೊತ್ತು ಹೋಗುತ್ತದೆ.

ಇತಿ,
ಅಕ್ಕ

◆

ಜಯನಗರ
4 ಮೇ 2025

ಅಕ್ಕ,

ಕೇಳು ಹಾಗಾದರೆ. ನಿನ್ನೆ ಬನಶಂಕರಿ ಕಡೆಯ ತಂಡ ಬಂದಿತ್ತು. ಮೂರನೇ ಆಟದಲ್ಲಿ ಮೂವತ್ತನಾಲ್ಕು–ಮೂವತ್ತನಾಲ್ಕು. ಯುವರಾಜ್ ಸುಲಭದ ಚೆಂಡನ್ನು ನೆಟ್ಟಿಗೆ ಹೊಡೆದ. ಚಿಕ್ಕಬೈರಪ್ಪ ಶುರು ಹಚ್ಚಿಕೊಂಡರು: ‘ಏನ್ ಮಗಾ, ರಾತ್ರಿ ನಿದ್ದೆ ಮಾಡಿದ್ಯೋ ಇಲ್ವೋ? ಬ್ಯಾಟ್ ಹಿಡ್ದಿದೀಯೋ ಬೀಸಣಿಗೆ ಹಿಡ್ದಿದೀಯೋ?’ ಕಡೆಗೆ ನಾನೇ ಹಿಂದಿನ ಮೂಲೆಯಿಂದ ಎದುರಾಳಿಯ ಕಾಲ ಬುಡಕ್ಕೆ ಒಂದು ಕೊಟ್ಟೆ. ಚೆಂಡು ಏಳಲೇ ಇಲ್ಲ. ಗೆದ್ದೆವು. ಚಿಕ್ಕಬೈರಪ್ಪ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಿದರು. ಸಖತ್ತಾಗಿತ್ತು.

ಕೊಟ್ರಪ್ಪನವರಿಗೆ ನನ್ನ ನಮಸ್ಕಾರ ಹೇಳು. ಪ್ರತಿ ವಾರ ಬರೆಯುತ್ತೇನೆ.

ಸಿಂಹ

◆

ಬನಶಂಕರಿ
12 ಜುಲೈ 2025, ಶನಿವಾರ

ಚಿ. ಸಿಂಹನಿಗೆ,

ನಿನ್ನ ಒಂಬತ್ತು ಕಾಗದಗಳೂ ವಾರ್ಡಿನಲ್ಲಿ ಹೆಸರು ಮಾಡಿವೆ. ನಾನು ಬಂದು ಮಲಗುವುದೇ ತಡ, ಕೊಟ್ರಪ್ಪ ಪರದೆ ಸರಿಸಿ, ‘ಮೇಡಂ, ನಿಮ್ ತಮ್ಮೋರು ಈ ವಾರ ಗೆದ್ರಾ?’ ಅಂತಾರೆ. ಸೋತಿದ್ದೀರಿ ಅಂದರೆ ಪಾಪ ಅವರ ಮುಖ ಬಾಡುತ್ತದೆ. ಸಿಸ್ಟರ್‌ಗಳಿಗೂ ಚಿಕ್ಕಬೈರಪ್ಪನವರ ಬೈಗುಳ ಬಾಯಿಪಾಠ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಹೋದ ಭಾನುವಾರ ನಮ್ಮನೆಗೆ ಬಂದೆಯಲ್ಲ, ಎರಡು ಮಹಡಿ ಹತ್ತಿ ಬಂದವನು ಸೋಫಾದಲ್ಲಿ ಕೂತು ನೀರು ಕೇಳಿದೆ. ಐದು ನಿಮಿಷ ನಿನಗೆ ಮಾತೇ ಹೊರಡಲಿಲ್ಲ. ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಜಗ್ಗುತ್ತಿತ್ತು. ಮೈ ಸರಿಯಿಲ್ಲವೇನೋ? ನನ್ನ ಚಿಂತೆಯಲ್ಲಿ ನೀನು ಸವೆಯಬೇಡ, ಮಾರಾಯ.

ಇತಿ,
ಅಕ್ಕ

◆

ಜಯನಗರ
9 ಸೆಪ್ಟೆಂಬರ್ 2025

ಅಕ್ಕ,

ಮರುಪರೀಕ್ಷೆಯ ವರದಿ ಬಂತು. ಡಾಕ್ಟರು ನಿನಗೂ ಫೋನ್ ಮಾಡಿರುತ್ತಾರೆ. ತೂಕ ಹದಿಮೂರು ಕೆ.ಜಿ. ಏರಿದೆ. ಬಿ.ಪಿ. ಹೆಚ್ಚು. ಮೂರು ತಿಂಗಳ ಸರಾಸರಿ ಸಕ್ಕರೆಯೂ ಗೆರೆ ದಾಟಿದೆ. ಸದ್ಯಕ್ಕೆ ನನ್ನ ಕಿಡ್ನಿ ತೆಗೆಯುವ ಹಾಗಿಲ್ಲ ಎಂದರು.

ಏನು ಬರೆಯಲಿ. ವಯಸ್ಸು ನೋಡು, ನಮ್ಮ ಕೈಲಿಲ್ಲ.

ಸಿಂಹ

◆

ಬನಶಂಕರಿ
11 ಸೆಪ್ಟೆಂಬರ್ 2025, ಗುರುವಾರ

ಚಿ. ಸಿಂಹನಿಗೆ,

ಅಳಬೇಡ. ಮೈತ್ರೇಯಿ ಫೋನ್ ಮಾಡಿದ್ದಳು, ನೀನು ಎರಡು ದಿನದಿಂದ ಊಟ ಮುಟ್ಟಿಲ್ಲವಂತೆ. ಹುಚ್ಚಪ್ಪ! ದಿನಾ ಬೆಳಿಗ್ಗೆ ಎರಡು ಗಂಟೆ ಬೆವರು ಸುರಿಸಿದರೂ ಮೈ ಹೀಗೆ ತಿರುಗಿಬಿದ್ದರೆ ನಿನ್ನ ತಪ್ಪೇನು? ಅಮ್ಮನ ಕಡೆಯ ರಕ್ತ, ಸಕ್ಕರೆ ಎಲ್ಲಿಗೆ ಹೋಗುತ್ತದೆ? ನೀನು ಮಾಡುವುದನ್ನೆಲ್ಲ ಮಾಡಿದೆ. ನನ್ನ ಹಣೆಬರಹಕ್ಕೆ ನೀನ್ಯಾಕೆ ಹೊಣೆ? ಟಿ.ಬಿ. ಹೋಯಿತಲ್ಲ, ಅಷ್ಟಕ್ಕೇ ಸಂತೋಷಪಡೋಣ.

ಈ ಅಮಾವಾಸ್ಯೆಗೆ ಅಣ್ಣನಿಗೆ ತರ್ಪಣ ಬಿಡುವಾಗ ನನ್ನ ಹೆಸರಿನಲ್ಲೂ ಒಂದು ನಮಸ್ಕಾರ ಹಾಕು.

ಇತಿ,
ಅಕ್ಕ

◆

ಜಯನಗರ
21 ಸೆಪ್ಟೆಂಬರ್ 2025, ಮಹಾಲಯ ಅಮಾವಾಸ್ಯೆ

ಅಕ್ಕ,

ತರ್ಪಣ ಬಿಟ್ಟು ಬಂದು ಬರೆಯಲು ಕೂತಿದ್ದೇನೆ. ಅಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದ ನಾವಿಬ್ಬರೇ ಉಳಿದಿರುವುದು. ನಿನಗೂ ಸುಳ್ಳು ಹೇಳಿದರೆ ನನಗೆ ಇನ್ಯಾರಿದ್ದಾರೆ? ನಿನ್ನ ಆ ಕಾಗದವನ್ನು ದಿನಾ ತೆಗೆದು ತೆಗೆದು ಓದಿದ್ದೇನೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಸಮಾಧಾನ ಹೇಳಿದೆ.

ನಾನು ಫೆಬ್ರವರಿ ಇಪ್ಪತ್ತರಿಂದ ಒಂದು ದಿನವೂ ಆಡಿಲ್ಲ. ಒಂದೇ ಒಂದು ದಿನವೂ. ನಿನಗೆ ಬರೆದ ಪಂದ್ಯಗಳೆಲ್ಲ ಕಟ್ಟುಕಥೆ. ಮೈತ್ರೇಯಿಗೂ ಗೊತ್ತಿರಲಿಲ್ಲ. ದಿನಾ ಐದು ಗಂಟೆಗೆ ಬ್ಯಾಟು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದೆ, ನಾಲ್ಕನೇ ಬ್ಲಾಕಿನ ಒಂದು ದರ್ಶಿನಿ ಬಾಗಿಲು ತೆಗೆಯುವವರೆಗೆ ಕಟ್ಟೆಯ ಮೇಲೆ ಕೂರುತ್ತಿದ್ದೆ. ಆಮೇಲೆ ಖಾಲಿ ದೋಸೆ, ಎರಡು ಕಾಫಿ. ಅಲ್ಲೇ ಕೂತು ನಿನಗೆ ಪಂದ್ಯ ಬರೆಯುತ್ತಿದ್ದೆ. ಒಂದು ದಿನ ಮೈತ್ರೇಯಿ ಬಟ್ಟೆ ನೆನೆಹಾಕುವಾಗ, ‘ಏನ್ರೀ, ಈಗೀಗ ನಿಮ್ಮ ಬನಿಯನ್ ಬೆವರೇ ಆಗಿರಲ್ಲ?’ ಅಂದಳು. ಮಾರನೆಯ ದಿನದಿಂದ ಪಾರ್ಕಿನ ನಲ್ಲಿಯಲ್ಲಿ ಬನಿಯನ್ ಒದ್ದೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದೆ. ಇದನ್ನು ಬರೆಯುವಾಗ ಥೂ ಅನ್ನಿಸುತ್ತಿದೆ.

ಯಾಕೆ ಬಿಟ್ಟೆ ಎಂದು ಕೇಳುತ್ತೀಯ. ಜನವರಿಯಲ್ಲಿ ಆಸ್ಪತ್ರೆಯ ದಿವ್ಯ ಮೇಡಂ, ಕಿಡ್ನಿ ಕೊಡುವವರ ಜೊತೆ ಮಾತಾಡುವವರು, ನನ್ನೊಬ್ಬನನ್ನೇ ಕೂರಿಸಿಕೊಂಡು ಬಾಗಿಲು ಹಾಕಿದರು. ‘ಸಾರ್, ಹೆದರಿಕೆ ಇದ್ರೆ ಈಗ್ಲೇ ಹೇಳ್ಬಿಡಿ. ಫಿಟ್ ಇಲ್ಲ ಅಂತ ನಾವೇ ಬರೀತೀವಿ. ಮನೇವ್ರಿಗೆ ಗೊತ್ತಾಗಲ್ಲ’ ಎಂದರು. ‘ಛೆ ಛೆ, ಏನ್ ಮೇಡಂ, ನನ್ನಕ್ಕ ಅವ್ಳು’ ಎಂದು ಎದೆ ಸೆಟೆಸಿ ಸಹಿ ಹಾಕಿದೆ. ಹೊರಗೆ ಬಂದವನು ಬೈಕನ್ನು ಅಲ್ಲೇ ಬಿಟ್ಟು ಆಟೋ ಹಿಡಿದು ಮನೆಗೆ ಹೋದೆ. ಅಣ್ಣ ಹರ್ನಿಯಾ ಆಪರೇಷನ್ನಿಗೆ ನಡೆದುಕೊಂಡೇ ಒಳಗೆ ಹೋದರು, ನೆನಪಿದೆಯಾ? ನೀನಾಗ ಮದುವೆಯಾಗಿ ಹಾಸನದಲ್ಲಿದ್ದೆ. ಹೊರಗೆ ಅವರ ಚಪ್ಪಲಿ ಹಿಡಿದುಕೊಂಡು ನಿಂತಿದ್ದವನು ನಾನು, ಹದಿನೇಳು ವರ್ಷದವನು. ಮಧ್ಯಾಹ್ನ ಆ ಚಪ್ಪಲಿ ನನ್ನ ಕೈಯಲ್ಲೇ ಉಳಿಯಿತು. ಅವತ್ತಿನಿಂದ ಆಪರೇಷನ್ ಅಂದರೆ ನನಗೆ ಅದೇ.

ಅಕ್ಕನಿಗೆ ಇಲ್ಲ ಅನ್ನಲು ನನ್ನ ಬಾಯಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ತಾನೇ ಬಂದಿದೆ? ಫಿಟ್ ಇಲ್ಲದಿದ್ದರೆ ಬಿಡುತ್ತಾರೆ ಅನ್ನುವ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಒಂದು ದಿನ ಕಾಲುನೋವು ಎಂದು ಆಟ ತಪ್ಪಿಸಿದೆ, ಮಾರನೆಯ ದಿನ ಚಳಿ ಎಂದೆ. ಆಮೇಲೆ ನೆಪವೂ ಬೇಕಾಗಲಿಲ್ಲ.

ಮೈ ಎಷ್ಟು ಬೇಗ ಮರೆಯುತ್ತದೆ ಗೊತ್ತಾ ಅಕ್ಕ? ಮೊದಲ ವಾರ ಸುಖವೇ ಸುಖ. ಮೂರನೆಯ ವಾರಕ್ಕೆ ಆಫೀಸಿನ ಮೆಟ್ಟಿಲು ಹತ್ತಿದರೆ ಎದೆ ಬಡಿತ ಕಿವಿಗೆ ಕೇಳತೊಡಗಿತು. ಕೂತಲ್ಲಿ ಐವತ್ತೆಂಟು ಇದ್ದ ನಾಡಿ ಎರಡು ತಿಂಗಳಲ್ಲಿ ಎಪ್ಪತ್ತೆಂಟು. ಹಸಿವು ಮಾತ್ರ ಆಟ ಆಡಿದವನದೇ, ಒಂದು ತುತ್ತೂ ಕಡಿಮೆಯಾಗಲಿಲ್ಲ. ಮೀನಖಂಡ ಸೊರಗಿತು, ಪಂಚೆಯ ಕೆಳಗೆ ಯಾರದೋ ಕಾಲು ಕಂಡ ಹಾಗಾಯಿತು. ನೆಲದ ಮೇಲೆ ಊಟಕ್ಕೆ ಕೂತರೆ ಕೈ ಊರದೆ ಏಳಲಾರೆ. ಬೂಟಿನ ಲೇಸು ಕಟ್ಟಲು ಬಗ್ಗಿದರೆ ಉಸಿರು ಕಟ್ಟುತ್ತದೆ. ನಿದ್ದೆ ಕೆಟ್ಟಿತು, ಗೊರಕೆ ಬಂತು, ಸಣ್ಣದಕ್ಕೆಲ್ಲ ಸುರಭಿಯ ಮೇಲೆ ರೇಗಿದೆ.

ನಾಚಿಕೆಯ ಮಾತು ಇದ್ಯಾವುದೂ ಅಲ್ಲ. ಬೆಲ್ಟಿನ ಒಂದೊಂದು ತೂತು ಹಿಂದಕ್ಕೆ ಹೋದಾಗಲೂ ನನಗೆ ಒಳಗೊಳಗೇ ಹಾಯೆನಿಸುತ್ತಿತ್ತು. ನೀನು ನೀರಿಲ್ಲದೆ ಒಣಗುತ್ತಿದ್ದೆ, ನಾನು ದೋಸೆ ತಿಂದು ತಪ್ಪಿಸಿಕೊಳ್ಳುತ್ತಿದ್ದೆ. ಬಾಯಲ್ಲಿ ಹೇಳಲಾರದ್ದನ್ನು ಮೈಯಿಂದ ಹೇಳಿಸಿದೆ.

ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಸಿಂಹ

◆

ಬನಶಂಕರಿ
28 ಅಕ್ಟೋಬರ್ 2025, ಮಂಗಳವಾರ

ಜಯಸಿಂಹ,

ದೀಪಾವಳಿಗೆ ನೀನು ಫೋನ್ ಮಾಡಿದಾಗ ನಾನು ಬೇಕೆಂದೇ ಎತ್ತಲಿಲ್ಲ. ಐದು ವಾರ ಪೆನ್ನೂ ಮುಟ್ಟಲಿಲ್ಲ. ಮುಟ್ಟಿದ್ದರೆ ಏನು ಬರೆದುಬಿಡುತ್ತಿದ್ದೆನೋ.

ಹೆದರಿದ್ದಕ್ಕೆ ನನಗೆ ಕೋಪವಿಲ್ಲ. ಹೊಟ್ಟೆ ಕುಯ್ಯುತ್ತೇವೆ ಅಂದರೆ ಯಾರಿಗೆ ಹೆದರಿಕೆ ಇಲ್ಲ? ಜನವರಿಯಲ್ಲೇ ‘ಅಕ್ಕ, ನನ್ನ ಕೈಲಿ ಆಗಲ್ಲ’ ಅಂದಿದ್ದರೆ ಒಂದು ತಿಂಗಳು ಮುನಿಸಿಕೊಂಡಿರುತ್ತಿದ್ದೆ. ಯುಗಾದಿಗೆ ಒಬ್ಬಟ್ಟು ಮಾಡಿ ನಾನೇ ಕರೆಯುತ್ತಿದ್ದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ, ಕೇಳು. ಸತ್ತವರ ಕಿಡ್ನಿಗಾಗಿ ಕಾಯುವವರದೊಂದು ಸರದಿ ಇರುತ್ತದೆ. ಜನವರಿಯಲ್ಲಿ ದಿವ್ಯ ನನ್ನನ್ನೂ ಕೇಳಿದ್ದಳು: ‘ಆಂಟಿ, ತಮ್ಮ ಕೊಡ್ತಿದ್ರೂ ಪರ್ವಾಗಿಲ್ಲ, ಅದ್ರಲ್ಲೂ ಒಂದು ಹೆಸ್ರು ಬರ್ಸಿಡಿ.’ ನಾನು ಬೇಡ ಅಂದೆ. ‘ನಂಗೆ ತಮ್ಮ ಇದಾನಮ್ಮ, ಯಾರೂ ಇಲ್ದೋರ ಜಾಗ ನಾನ್ಯಾಕೆ ತಿನ್ಲಿ?’ ಅಂದೆ. ಆ ಮಾತನ್ನು ಎಷ್ಟು ಗರ್ವದಿಂದ ಅಂದೆ ಗೊತ್ತಾ? ಇಡೀ ವಾರ್ಡಿಗೆ ಕೇಳುವ ಹಾಗೆ ಅಂದೆ.

ಹೋದ ವಾರ ಹೆಸರು ಬರೆಸಿ ಬಂದೆ. ಒಂಬತ್ತು ತಿಂಗಳು ತಡವಾಗಿ, ಎಲ್ಲರಿಗಿಂತ ಹಿಂದೆ. ಕಿಡ್ನಿ ನಿನ್ನದು, ಕೊಡುವುದು ಬಿಡುವುದು ನಿನಗೆ ಸೇರಿದ್ದು. ಆ ಒಂಬತ್ತು ತಿಂಗಳು ನನ್ನದಾಗಿತ್ತು. ಅದನ್ನು ಕೇಳದೆ ತೆಗೆದುಕೊಂಡುಬಿಟ್ಟೆಯಲ್ಲೋ.

ನಿನ್ನ ಕಾಗದಗಳನ್ನು ವಾರ್ಡಿನಲ್ಲಿ ಓದುವುದನ್ನು ನಿಲ್ಲಿಸಿದ್ದೇನೆ. ಕೊಟ್ರಪ್ಪ ಎರಡು ಸಲ ಕೇಳಿದರು, ತಮ್ಮನಿಗೆ ಮೈ ಹುಷಾರಿಲ್ಲ ಅಂದೆ. ನಿನಗೋಸ್ಕರ ನಾನೂ ಸುಳ್ಳು ಹೇಳಿದ ಹಾಗಾಯಿತು.

ಈಗ ನಾನು ಹೇಳುವಷ್ಟು ಮಾಡು. ಅಂಕಣಕ್ಕೆ ಹೋಗು. ಮೈಯನ್ನು ಮೊದಲು ಎಲ್ಲಿತ್ತೋ ಅಲ್ಲಿಗೆ ತಾ. ಸಕ್ಕರೆ, ಬಿ.ಪಿ. ಯಾವ ನೆಪವೂ ಇರಬಾರದು. ಆಮೇಲೆ ಕೊಡುತ್ತೀಯೋ ಇಲ್ಲವೋ ನಿನ್ನ ಬಾಯಿಂದಲೇ ಹೇಳು. ಅಲ್ಲಿಯವರೆಗೆ ಕಾಗದ ಬೇಡ.

ಸತ್ಯಭಾಮಾ

◆

ಜಯನಗರ
1 ಫೆಬ್ರವರಿ 2026

ಅಕ್ಕ,

ನೀನು ಹೇಳಿದ ಹಾಗೆ ಇಷ್ಟು ದಿನ ಬರೆಯಲಿಲ್ಲ.

ನವೆಂಬರ್ ಒಂದನೆಯ ತಾರೀಖು ಅಂಕಣಕ್ಕೆ ಹೋದೆ. ಹಿಂದಿನ ಮೂಲೆಯಲ್ಲಿ ರವಿಕಿರಣ್ ಅಂತ ಹೊಸಬರೊಬ್ಬರು ನಿಂತಿದ್ದರು. ಚಿಕ್ಕಬೈರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಏನ್ ಸಾಮಿ ಇದು, ನಿಮ್ಮನ್ನ ಯಾರೋ ಊದ್ಬುಟ್ಟವ್ರೆ! ಎಂಟ್ ತಿಂಗ್ಳು ಫೋನ್ ಮಾಡುದ್ರೂ ಎತ್ತಲಿಲ್ವಲ್ಲ, ನಾವೇನ್ ಸಾಲ ಕೇಳ್ತಿದ್ವಾ?’ ನಾನು ಬ್ಯಾಟು ಹೆಗಲಿಂದ ಕೆಳಗಿಳಿಸಿದೆ. ‘ಹೋಗ್ಲಿ ಬುಡಿ, ಬಂದ್ರಲ್ಲ. ಮೊದ್ಲು ನಾಕ್ ಸುತ್ತು ನಡೀರಿ, ಬ್ಯಾಟ್ ಆಮ್ಯಾಕೆ’ ಅಂದರು.

ನಾಲ್ಕು ಸುತ್ತಿಗೇ ವಾಂತಿಯಾಯಿತು. ಹದಿನೈದು ದಿನ ಬರೀ ನಡೆದೆ. ಬ್ಯಾಟು ಹಿಡಿದ ದಿನ ಕಣ್ಣಿಗೆ ಚೆಂಡು ಕಾಣುತ್ತದೆ, ಎಲ್ಲಿ ಬೀಳುತ್ತದೆಂದೂ ಗೊತ್ತು, ಕಾಲು ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಕಟ್ಟಿದ್ದು ಎಂಟು ತಿಂಗಳಲ್ಲಿ ಹೋಗಿತ್ತು. ಬಿಡುವುದು ಸುಲಭ, ತಿರುಗಿ ತರುವುದಕ್ಕೆ ಮೂಳೆ ಮೂಳೆಯೂ ಬೈಯುತ್ತದೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನೆಲದಿಂದ ಕೈ ಊರದೆ ಎದ್ದೆ. ಮೈತ್ರೇಯಿ ನೋಡಿ ಅತ್ತಳು. ಅವಳಿಗೂ ಎಲ್ಲ ಹೇಳಿದ್ದೇನೆ.

ಮೊನ್ನೆ ಆಸ್ಪತ್ರೆಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿದೆ. ಹನ್ನೊಂದು ಕೆ.ಜಿ. ಇಳಿದಿದ್ದೇನೆ. ಸಕ್ಕರೆ ಗೆರೆಯ ಕೆಳಗೆ, ಬಿ.ಪಿ. ಸರಿ. ದಿವ್ಯ ಮೇಡಂ ಅದೇ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಅದೇ ಪ್ರಶ್ನೆ ಕೇಳಿದರು.

ಅಕ್ಕ, ಹೌದು ಅನ್ನಬೇಕೆಂದೇ ಹೋಗಿದ್ದೆ. ಮೂರು ತಿಂಗಳು ಓಡಿದರೂ ಬೊಜ್ಜು ಹೋಯಿತು, ಹೆದರಿಕೆ ಹೋಗಲಿಲ್ಲ. ‘ಕೊಡೋಕೆ ನನ್ ಕೈಲಿ ಆಗಲ್ಲ ಮೇಡಂ’ ಅಂದೆ. ಅವರು ಮೆತ್ತಗೆ, ‘ಸರಿ ಸಾರ್, ಫಿಟ್ ಇಲ್ಲ ಅಂತ ಬರೀತೀನಿ ಬಿಡಿ’ ಅಂದರು. ‘ಬೇಡ ಮೇಡಂ. ಫಿಟ್ ಇದಾನೆ, ಅವ್ನೇ ಒಪ್ಪಲಿಲ್ಲ ಅಂತ ಬರೀರಿ. ಕೆಳಗೆ ನಾನ್ ಸೈನ್ ಹಾಕ್ತೀನಿ’ ಅಂದೆ. ಹಾಕಿದೆ.

ಫೋನಿನಲ್ಲಿ ಹೇಳೋಣವೆಂದು ಮೂರು ಸಲ ನಿನ್ನ ನಂಬರು ಒತ್ತಿದೆ. ನಿನ್ನ ಹಲೋ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ ಅನ್ನಿಸಿ ಇಟ್ಟೆ. ಒಂಬತ್ತು ತಿಂಗಳು ನಾನು ತಿರುಗಿಸಿ ಕೊಡಲಾರೆ. ವಾರದ ಮೂರು ದಿನ ನಿನ್ನನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವುದಕ್ಕಾದರೂ ಬಿಡು. ಅದಕ್ಕೂ ಬೇಡ ಅಂದರೆ ಕೇಳುತ್ತೇನೆ.

ನಿನ್ನ ತಮ್ಮ,
ಸಿಂಹ

◆

ಬನಶಂಕರಿ
7 ಫೆಬ್ರವರಿ 2026, ಶನಿವಾರ

ಸಿಂಹ,

ಕಾಗದ ಬಂತು. ಸುಳ್ಳು ಯಾಕೆ ಹೇಳಲಿ, ಹೌದು ಅಂತ ಬರೆದಿರುತ್ತೀಯ ಅಂದುಕೊಂಡೇ ಒಡೆದೆ. ನಡುಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ನಿನ್ನ ಭಾವ ಓದಿ, ‘ಹೇಳಿದ್ನಲ್ಲ ಬಿಡು, ಅಷ್ಟಾದ್ರೂ ಮಾಡ್ದ’ ಅಂದರು. ಅವರ ಮೇಲೂ ರೇಗಿದೆ.

ಕೋಪ ಇನ್ನೂ ಇದೆ. ಯಾವಾಗ ಹೋಗುತ್ತದೋ ಗೊತ್ತಿಲ್ಲ, ಕೇಳಬೇಡ.

ನಿನ್ನ ಭಾವನಿಗೆ ಈಗ ಟ್ರಾಫಿಕ್ಕಿನಲ್ಲಿ ಕಾರು ಓಡಿಸುವುದು ಆಗುತ್ತಿಲ್ಲ. ಮಂಗಳವಾರ ಹನ್ನೊಂದಕ್ಕೆ ಬಾ. ಮೇಲೆ ಬರುವುದು ಬೇಡ, ಕೆಳಗೆ ಹಾರ್ನ್ ಮಾಡು, ಇಳಿದು ಬರುತ್ತೇನೆ. ದಾರಿಯಲ್ಲಿ ಕ್ಷಮಾಪಣೆ ಕೇಳುತ್ತಾ ಕೂತರೆ ಅಲ್ಲೇ ಇಳಿದು ಆಟೋ ಹಿಡಿಯುತ್ತೇನೆ.

ಮಂಗಳವಾರ ನನಗೋಸ್ಕರ ಬೆಳಗಿನ ಆಟ ತಪ್ಪಿಸಿ ಬಂದೆ ಅಂತ ಗೊತ್ತಾದರೆ ಮಾತ್ರ ನಿನ್ನ ಮುಖ ನೋಡುವುದಿಲ್ಲ. ಎರಡು ಕಿಡ್ನಿಯನ್ನೂ ನೀನೇ ಇಟ್ಟುಕೊಂಡಿದ್ದೀಯ. ಇಟ್ಟುಕೊಂಡ ಮೇಲೆ ಚೆನ್ನಾಗಿ ಇಟ್ಟುಕೋ.

ಅಕ್ಕ